ಮದ್ದಿನೊಂದಿಗೆ ಒಂದು ಮಾತು

(ಶಾಲಾ ಶತಮಾನೋತ್ಸವದ ಅಂಗವಾಗಿ ಜರಗಿದ ಆರೋಗ್ಯ ಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನೂರು ವರ್ಷಗಳನ್ನು ನೆನೆಯುವ ಈ ದಿನಗಳಲ್ಲಿ ಕವಿಗಳಾದ, ಅಧ್ಯಾಪಕರಾದ, ಕಲಾವಿದರಾದ ಹಳೆವಿದ್ಯಾರ್ಥಿಗಳ ಮಾತುಗಳನ್ನು ತಾವು ಕೇಳಿದ್ದೀರಿ. ಈಗ ನಿಮ್ಮ ಮುಂದಿರುವುದು ಅಷ್ಟಾಗಿ ಕಣ್ಣಿಗೆ ಬೀಳದ ಒಂದು ವೃತ್ತಿ. ಇಲ್ಲಿ ಕಲಿತು, ಮುಂದೆ ಫಾರ್ಮಸಿ ಓದಿ, ಕಾಸರಗೋಡು ಜಿಲ್ಲೆಯ ಸಣ್ಣಪುಟ್ಟ ಪೇಟೆಗಳ ಮದ್ದಿನಂಗಡಿಗಳಲ್ಲಿ ನಿಂತಿರುವ ಕೆಲವರು ನಾವು. ಒಬ್ಬರ ಬಾಯಿಂದ ಬರುವುದಾದರೂ ಇದು ನಾವೆಲ್ಲ ಕೂಡಿ ಕುಳಿತು ಯೋಚಿಸಿ ಸಿದ್ಧಪಡಿಸಿದ ಮಾತು. ಇದರಲ್ಲಿ ಒಂದು ಬೇಡಿಕೆಯಿದೆ, ಒಂದು ತಪ್ಪೊಪ್ಪಿಗೆಯೂ ಇದೆ. ಎರಡನ್ನೂ ಹೇಳಲು ನಾವು ಕಲಿತ ಶಾಲೆಗಿಂತ ತಕ್ಕ ಸ್ಥಳ ಬೇರಿಲ್ಲವೆಂದು ನಂಬಿದ್ದೇವೆ.

ಈ ಶಾಲೆ ಹುಟ್ಟಿದ ಕಾಲದಲ್ಲಿ ಕಾಸರಗೋಡು ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಆಗ ಮದ್ದು ಅಂಗಡಿಯಲ್ಲಿ ಸಿಗುವ ಸರಕಾಗಿರಲಿಲ್ಲ. ಮನೆಯಿಂದ ಬಾಟಲಿಯನ್ನು ತೊಳೆದುಕೊಂಡು ಡಿಸ್ಪೆನ್ಸರಿಗೆ ನಡೆದುಹೋಗಬೇಕಿತ್ತು. ಒಳಗೆ ಡಾಕ್ಟರು, ಪಕ್ಕದ ಕೋಣೆಯಲ್ಲಿ ಕಂಪೌಂಡರು. ಅವರು ಅಳೆದು ಬೆರೆಸಿದ ಕೆಂಪು ಅಥವಾ ಬಿಳಿ ಮಿಕ್ಸ್ಚರನ್ನು ಬಾಟಲಿಗೆ ತುಂಬಿ, ಅದರ ಮೈಗೆ ಗರಗಸದ ಹಲ್ಲಿನಂತೆ ಕತ್ತರಿಸಿದ ಕಾಗದದ ಪಟ್ಟಿಯೊಂದನ್ನು ಅಂಟಿಸುತ್ತಿದ್ದರು. ಒಂದು ಹಲ್ಲಿನಿಂದ ಇನ್ನೊಂದಕ್ಕೆ ಒಂದು ಹೊತ್ತಿನ ಮದ್ದು. ಓದು ಬಾರದ ಅಜ್ಜಿಗೂ ಆ ಪಟ್ಟಿ ಅರ್ಥವಾಗುತ್ತಿತ್ತು. ಬಾಟಲಿ ಕೈಗಿಡುವ ಮುನ್ನ ಕಂಪೌಂಡರು ಎರಡು ಮಾತು ಹೇಳದೆ ಇರುತ್ತಿರಲಿಲ್ಲ: ಕುಲುಕಿ ಕುಡಿಯಬೇಕು, ಗಂಜಿ ಊಟವಾದ ಮೇಲೆ ಕುಡಿಯಬೇಕು. ಮದ್ದೂ ಮಾತೂ ಒಂದೇ ಕೈಯಿಂದ ಬರುತ್ತಿದ್ದ ಕಾಲವದು.

ಆ ಕಾಲವನ್ನು ಹೊಗಳುವುದಷ್ಟೇ ನಮ್ಮ ಉದ್ದೇಶವಲ್ಲ. ಬಾಟಲಿಯೊಳಗೆ ಏನಿದೆಯೆಂಬುದು ರೋಗಿಗೆ ತಿಳಿಯುತ್ತಿರಲಿಲ್ಲ. ಬೆರೆಸುವ ಕೈಗೆ ಕ್ರಮಬದ್ಧ ಶಿಕ್ಷಣವೂ ಇರಲಿಲ್ಲ. ಭಾರತದಲ್ಲಿ ಔಷಧಶಾಸ್ತ್ರದ ವಿಶ್ವವಿದ್ಯಾಲಯ ಮಟ್ಟದ ಬೋಧನೆಗೆ ಅಡಿಗಲ್ಲು ಬಿದ್ದದ್ದು 1932ರಲ್ಲಿ, ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ, ಪ್ರೊಫೆಸರ್ ಮಹಾದೇವ ಲಾಲ್ ಶ್ರಾಫ್ ಅವರ ಶ್ರಮದಿಂದ. 1948ರಲ್ಲಿ ಫಾರ್ಮಸಿ ಕಾಯಿದೆ ಬಂತು. ವೈದ್ಯರ ಚೀಟಿಯ ಮೇರೆಗೆ ಮದ್ದನ್ನು ತಯಾರಿಸಿ ಕೊಡುವ ಕೆಲಸವನ್ನು ನೋಂದಾಯಿತ ಫಾರ್ಮಸಿಸ್ಟರೇ ಮಾಡಬೇಕೆಂದು ಅದರ 42ನೆಯ ಸೆಕ್ಷನ್ ವಿಧಿಸಿತು. ಈ ನಡುವೆ ಔಷಧ ಕಾರ್ಖಾನೆಗಳು ಬೆಳೆದವು. ಬಾಟಲಿಯ ಜಾಗಕ್ಕೆ ಗುಳಿಗೆಯ ಸ್ಟ್ರಿಪ್ ಬಂತು. ಮದ್ದು ಶುದ್ಧವಾಯಿತು, ಅಳತೆ ನಿಖರವಾಯಿತು, ಮೊದಲು ಸಾವೇ ಗತಿಯಾಗಿದ್ದ ರೋಗಗಳು ವಾಸಿಯಾಗತೊಡಗಿದವು. ಇವೆಲ್ಲ ದೊಡ್ಡ ಲಾಭಗಳು. ಆದರೆ ಗರಗಸದ ಹಲ್ಲಿನ ಆ ಪಟ್ಟಿಯೂ, ಅದರೊಂದಿಗೆ ಬರುತ್ತಿದ್ದ ಆ ಎರಡು ಮಾತುಗಳೂ ದಾರಿಯಲ್ಲೆಲ್ಲೋ ಬಿದ್ದುಹೋದವು.

ಇಂದು ನಮ್ಮ ಅಂಗಡಿಗಳಲ್ಲಿ ನಡೆಯುವುದೇನು? ಚೀಟಿ ಬರುತ್ತದೆ, ಕಪಾಟಿನಿಂದ ಮದ್ದು ಇಳಿಯುತ್ತದೆ, ಕಂಪ್ಯೂಟರಿನಲ್ಲಿ ಬಿಲ್ಲಾಗುತ್ತದೆ, ಲಕೋಟೆ ಕೈ ಬದಲಾಯಿಸುತ್ತದೆ. ರೋಗಿಗೆ ಬಸ್ಸಿನ ಚಿಂತೆ, ನಮಗೆ ಹಿಂದೆ ನಿಂತವರ ಚಿಂತೆ. 2015ರ ಫಾರ್ಮಸಿ ವೃತ್ತಿ ನಿಯಮಗಳು ಮದ್ದು ಕೊಡುವಾಗ ರೋಗಿಗೆ ತಿಳಿವಳಿಕೆ ಹೇಳುವುದನ್ನು ಫಾರ್ಮಸಿಸ್ಟರ ಕರ್ತವ್ಯಗಳಲ್ಲಿ ಸೇರಿಸಿವೆ. ನಿಯಮ ಪುಸ್ತಕದಲ್ಲಿದೆ, ಕೌಂಟರಿನ ಮೇಲೆ ಅದಕ್ಕೆ ಎರಡು ನಿಮಿಷದ ಜಾಗವಿಲ್ಲ. ಆ ಎರಡು ನಿಮಿಷದ ಬೆಲೆ ಎಷ್ಟೆಂಬುದನ್ನು ನಾವು ಪುಸ್ತಕದಿಂದ ಕಲಿತವರಲ್ಲ. ನಮ್ಮದೇ ತಪ್ಪಿನಿಂದ ಕಲಿತೆವು.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮಲ್ಲೊಬ್ಬರ ಅಂಗಡಿಗೆ ಒಳಪ್ರದೇಶದ ತೋಟದ ಮನೆಯೊಂದರಿಂದ ಅರುವತ್ತು ದಾಟಿದ ಅಮ್ಮನೊಬ್ಬರು ಬಂದರು. ಮನೆಮಾತು ಕನ್ನಡ, ತುಳು ಬರುತ್ತದೆ, ಮಲಯಾಳ ಅಷ್ಟಿಷ್ಟು ತಿಳಿಯುತ್ತದೆ. ಬೆರಳ ಗಂಟುಗಳು ಬಾತುಕೊಂಡು ಸೊಟ್ಟಗಾಗುವ ಸಂಧಿವಾತ. ದೂರದ ಪೇಟೆಯ ತಜ್ಞ ವೈದ್ಯರು ಮೆಥೊಟ್ರೆಕ್ಸೇಟ್ ಎಂಬ ಗುಳಿಗೆ ಬರೆದಿದ್ದರು. ಈ ಕಾಯಿಲೆಗೆ ಅದು ಒಳ್ಳೆಯ ಮದ್ದು. ಆದರೆ ಅದನ್ನು ವಾರದಲ್ಲಿ ಒಂದೇ ದಿನ ಸೇವಿಸಬೇಕು. ದಿನವೂ ಸೇವಿಸಿದರೆ ಬಾಯಿಯ ಒಳಪದರ ಹುಣ್ಣಾಗುತ್ತದೆ, ಮೂಳೆಯ ಮಜ್ಜೆಯಲ್ಲಿ ರಕ್ತಕಣಗಳ ಉತ್ಪತ್ತಿ ಕುಗ್ಗುತ್ತದೆ, ಪ್ರಾಣಕ್ಕೇ ಅಪಾಯ. ಚೀಟಿಯಲ್ಲಿ ವಾರಕ್ಕೊಮ್ಮೆ ಎಂದು ಇಂಗ್ಲಿಷಿನಲ್ಲಿ ಸರಿಯಾಗಿಯೇ ಬರೆದಿತ್ತು. ಅಂಗಡಿಯಲ್ಲಿ ಆ ಹೊತ್ತು ತುಂಬ ಜನ. ಗುಳಿಗೆ ಕೊಡುತ್ತಾ ಅಭ್ಯಾಸಬಲದಿಂದ ಮಲಯಾಳದಲ್ಲಿ ಒಂದು ಸಾಲು ಹೇಳಿದ್ದಾಯಿತು: ‘ಆಳ್ಚಯಿಲ್ ಒರಿಕ್ಕಲ್’, ಅಂದರೆ ವಾರಕ್ಕೊಮ್ಮೆ. ಲಕೋಟೆಯ ಮೇಲೆ ‘1’ ಎಂದು ಗೀಚಿದ್ದೂ ಆಯಿತು. ಅಮ್ಮ ತಲೆಯಾಡಿಸಿದರು. ಅವರಿಗೆ ಕೇಳಿಸಿದ್ದು ‘ಒರಿಕ್ಕಲ್’ ಮಾತ್ರ, ಕಂಡದ್ದು ‘1’ ಮಾತ್ರ. ಉಳಿದೆಲ್ಲ ಗುಳಿಗೆಗಳಂತೆ ದಿನಕ್ಕೊಂದು ಎಂದುಕೊಂಡರು.

ಎಂಟನೆಯ ದಿನ ಅವರ ಸೊಸೆ ಅದೇ ಅಂಗಡಿಗೆ ಬಂದು, ‘ಅತ್ತೆಗೆ ಬಾಯಿಹುಣ್ಣು, ಗಂಜಿಯೂ ಇಳಿಯುವುದಿಲ್ಲ, ಹಚ್ಚಲಿಕ್ಕೆ ಏನಾದರೂ ಕೊಡಿ’ ಎಂದರು. ಹಚ್ಚುವ ಮದ್ದನ್ನು ತೆಗೆಯಲು ಹೋದ ಕೈ ಯಾವ ಪುಣ್ಯದಿಂದಲೋ ನಡುವೆ ನಿಂತಿತು. ಬೇರೆ ಯಾವ ಮದ್ದು ನಡೆಯುತ್ತಿದೆ ಎಂದು ಕೇಳಿದಾಗ ಸೊಸೆ ಲಕೋಟೆಯನ್ನು ತೋರಿಸಿದರು. ಸ್ಟ್ರಿಪ್ಪಿನಲ್ಲಿ ಎಂಟು ಗುಳಿಗೆ ಖಾಲಿ. ಅಂಗಡಿ ಮುಚ್ಚಿ, ವಾಹನ ಮಾಡಿ, ಚೀಟಿ ಸಮೇತ ಅವರನ್ನು ಆಸ್ಪತ್ರೆಗೆ ಒಯ್ದೆವು. ಹತ್ತು ದಿನಗಳ ಚಿಕಿತ್ಸೆಯ ನಂತರ ಅಮ್ಮ ಬದುಕಿ ಮನೆಗೆ ಬಂದರು. ತಪ್ಪು ನಮ್ಮದೆಂದು ಹೇಳಿಕೊಳ್ಳಲು ಅವರ ಮನೆಗೆ ಹೋದಾಗ ಅವರು ಬೈಯಲಿಲ್ಲ. ‘ನೀನು ನಮ್ಮ ಶಾಲೆಯ ಮಗು ಅಲ್ಲವಾ? ನನ್ನ ಹತ್ತಿರ ಕನ್ನಡದಲ್ಲೇ ಹೇಳಬಹುದಿತ್ತಲ್ಲಾ’ ಎಂದಷ್ಟೇ ಹೇಳಿದರು. ಬೈದಿದ್ದರೆ ನಾವು ಮರೆಯುತ್ತಿದ್ದೆವೋ ಏನೋ.

ಆ ಅಮ್ಮನ ಪ್ರಾಣಕ್ಕೆ ಅಪಾಯ ಬಂದದ್ದೂ ಆ ಕೌಂಟರಿನಲ್ಲಿ, ಅದು ಪತ್ತೆಯಾದದ್ದೂ ಆ ಕೌಂಟರಿನಲ್ಲಿಯೇ. ಮಾತಿಲ್ಲದೆ ಕೊಟ್ಟ ಮದ್ದು ವಿಷವಾಯಿತು; ಕೇಳಿದ ಒಂದು ಪ್ರಶ್ನೆ ಜೀವ ಉಳಿಸಿತು. ಮದ್ದಿನಂಗಡಿ ಊರಿನ ಆರೋಗ್ಯಕ್ಕೆ ಏನಾಗಬಹುದು, ಏನಾಗಬಾರದು ಎಂಬುದೆಲ್ಲ ಈ ಒಂದು ಘಟನೆಯಲ್ಲಿದೆ. ಅಂದಿನಿಂದ ನಾವು ವಾರಕ್ಕೊಮ್ಮೆ ಎಂದು ಬರೆಯುವುದನ್ನೇ ಬಿಟ್ಟೆವು. ‘ಸೋಮವಾರ ಮಾತ್ರ’ ಎಂದು ದಿನದ ಹೆಸರನ್ನೇ, ಓದುವವರ ಭಾಷೆಯಲ್ಲೇ ಬರೆಯುತ್ತೇವೆ. ಬರೆದದ್ದನ್ನು ಅವರ ಬಾಯಿಂದ ಒಮ್ಮೆ ಹೇಳಿಸುತ್ತೇವೆ. ಕನ್ನಡ, ಮಲಯಾಳ, ತುಳು, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಎಂದು ಏಳು ಭಾಷೆಗಳ ಸಂಗಮವೆಂದು ನಾವು ಹೆಮ್ಮೆಪಡುವ ಈ ನೆಲದಲ್ಲಿ ಭಾಷೆಯೆಂಬುದು ಕೇವಲ ಸಂಸ್ಕೃತಿಯ ವಿಷಯವಲ್ಲ. ಕೆಲವೊಮ್ಮೆ ಅದು ಮದ್ದಿನ ಪ್ರಮಾಣದ ವಿಷಯ.

ಹಾಗಾದರೆ ಮದ್ದಿನಂಗಡಿಯಿಂದ ಊರು ಏನನ್ನು ಅಪೇಕ್ಷಿಸಬಹುದು? ನಾಲ್ಕು ಸಂಗತಿಗಳನ್ನು ತಮ್ಮ ಮುಂದಿಡುತ್ತೇವೆ.

ಮೊದಲನೆಯದು, ಜೀವಮಾನವಿಡೀ ಜೊತೆಗಿರುವ ಕಾಯಿಲೆಗಳು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನದಂತೆ ಕೇರಳದ ವಯಸ್ಕರಲ್ಲಿ ಶೇಕಡಾ 25.5 ಮಂದಿಗೆ ಮಧುಮೇಹವಿದೆ. ಅಂದರೆ ನಾಲ್ವರಲ್ಲಿ ಒಬ್ಬರಿಗೆ. ಅವರು ವೈದ್ಯರನ್ನು ಕಾಣುವುದು ಎರಡು ಮೂರು ತಿಂಗಳಿಗೊಮ್ಮೆ. ನಮ್ಮ ಅಂಗಡಿಗೆ ಬರುವುದು ತಿಂಗಳು ತಿಂಗಳೂ. ಮೂವತ್ತು ದಿನದ ಗುಳಿಗೆ ಒಯ್ದವರು ಐವತ್ತನೆಯ ದಿನ ಬಂದರೆ ಇಪ್ಪತ್ತು ದಿನ ಮದ್ದು ತಪ್ಪಿದೆಯೆಂದು ಮೊದಲು ತಿಳಿಯುವುದು ನಮಗೆ. ತಪ್ಪಿದ್ದೇಕೆ? ದುಡ್ಡಿಲ್ಲದೆಯೋ, ತಲೆ ತಿರುಗಿದ್ದರಿಂದಲೋ, ‘ಈಗ ಸಕ್ಕರೆ ಕಡಿಮೆಯಾಗಿದೆ’ ಎಂಬ ಸಮಾಧಾನದಿಂದಲೋ? ಒಂದು ಪ್ರಶ್ನೆ ಕೇಳಿದರೆ ಉತ್ತರ ಸಿಗುತ್ತದೆ. ದುಡ್ಡಿನ ತೊಂದರೆಯಾದರೆ ಜನೌಷಧಿ ಕೇಂದ್ರದ ಅಥವಾ ಕುಟುಂಬ ಆರೋಗ್ಯ ಕೇಂದ್ರದ ದಾರಿ ತೋರಿಸಬಹುದು. ತಲೆ ತಿರುಗುವುದಾದರೆ ರಕ್ತದೊತ್ತಡ ನೋಡಿ ವೈದ್ಯರಲ್ಲಿಗೆ ಕಳುಹಿಸಬಹುದು. ಥೈರಾಯ್ಡಿನ ಗುಳಿಗೆಯನ್ನು ಬರಿಹೊಟ್ಟೆಯಲ್ಲಿ ನುಂಗಬೇಕು. ಕಬ್ಬಿಣಾಂಶದ ಗುಳಿಗೆಯನ್ನೂ ಸುಣ್ಣಾಂಶದ ಗುಳಿಗೆಯನ್ನೂ ಒಟ್ಟಿಗೆ ಸೇವಿಸಬಾರದು. ತೆರೆಯದ ಇನ್ಸುಲಿನನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ಸಿನ ನಡುವೆ ಇಡಬೇಕು, ಆದರೆ ಹೆಪ್ಪುಗಟ್ಟಲು ಬಿಡಬಾರದು. ಇವು ಸಣ್ಣ ಮಾತುಗಳು. ಇವಿಲ್ಲದೆ ಸಾವಿರಾರು ರೂಪಾಯಿಯ ಮದ್ದು ನೀರಿಗೆ ಸುರಿದಂತೆ.

ಎರಡನೆಯದು, ಆಂಟಿಬಯೋಟಿಕ್‌ಗಳು. ಶೀತ, ನೆಗಡಿ ಬರುವುದು ಬಹುಪಾಲು ವೈರಾಣುಗಳಿಂದ. ಆಂಟಿಬಯೋಟಿಕ್ ಕೊಲ್ಲುವುದು ಬ್ಯಾಕ್ಟೀರಿಯಗಳನ್ನು. ಬೇಡದೆಡೆ ಸೇವಿಸಿದಾಗ, ಅಥವಾ ವೈದ್ಯರು ಹೇಳಿದ ಕ್ರಮ ತಪ್ಪಿಸಿ ತೆಗೆದುಕೊಂಡಾಗ, ಉಳಿದುಕೊಂಡ ಬ್ಯಾಕ್ಟೀರಿಯಗಳು ಆ ಮದ್ದಿಗೆ ಬಗ್ಗದವಾಗುತ್ತವೆ. ಹೀಗೆ ಮದ್ದಿಗೆ ಬಗ್ಗದ ಸೋಂಕುಗಳಿಂದ 2019ರೊಂದರಲ್ಲೇ ಜಗತ್ತಿನಾದ್ಯಂತ ನೇರವಾಗಿ ಸುಮಾರು 12.7 ಲಕ್ಷ ಜನ ತೀರಿಕೊಂಡರೆಂದು ತಜ್ಞರ ಅಂದಾಜು. ಇದನ್ನು ತಡೆಯಲೆಂದೇ 2014ರ ಮಾರ್ಚ್ 1ರಿಂದ ‘ಎಚ್1’ ಅನುಸೂಚಿ ಜಾರಿಗೆ ಬಂತು. ಅದರಲ್ಲಿರುವ ಮದ್ದು ಕೊಟ್ಟಾಗ ವೈದ್ಯರ ಹೆಸರು, ರೋಗಿಯ ಹೆಸರು, ಮದ್ದಿನ ಹೆಸರು, ಪ್ರಮಾಣ ಇಷ್ಟನ್ನೂ ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಚೀಟಿಯಿಲ್ಲದೆ ಆಂಟಿಬಯೋಟಿಕ್ ಮಾರುವುದನ್ನು ಪತ್ತೆಹಚ್ಚಲು ಕೇರಳದ ಔಷಧ ನಿಯಂತ್ರಣ ಇಲಾಖೆ 2024ರ ಜನವರಿಯಲ್ಲಿ ‘ಆಪರೇಷನ್ ಅಮೃತ್’ ಆರಂಭಿಸಿತು. ಈ ಮದ್ದುಗಳು ಬೇರೆಯೇ ಎಂದು ಗೊತ್ತಾಗುವಂತೆ ನೀಲಿ ಲಕೋಟೆಯಲ್ಲಿ ಕೊಡುವ ಕ್ರಮವೂ ಬಂದಿದೆ. ಆದ್ದರಿಂದ ‘ಕಳೆದ ಸಲದ ಅದೇ ಗುಳಿಗೆ ನಾಲ್ಕು ಕೊಡಿ’ ಎಂದು ಕೇಳಿದಾಗ ನಾವು ಇಲ್ಲವೆಂದರೆ ದಯಮಾಡಿ ಬೇಸರಿಸಬೇಡಿ. ಪಕ್ಕದ ಅಂಗಡಿಯಲ್ಲಿ ಕೊಡುತ್ತಾರೆ ಎಂದು ನಡೆಯಲೂ ಬೇಡಿ. ಇಲ್ಲವೆನ್ನುವುದೂ ನಮ್ಮ ಸೇವೆಯ ಭಾಗವೇ.

ಮೂರನೆಯದು, ಕೆಮ್ಮು. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಆಗಬೇಕೆಂಬುದು ಕ್ಷಯರೋಗ ನಿಯಂತ್ರಣದ ಮೊದಲ ಪಾಠ. ಆದರೆ ಕೆಮ್ಮುವವರು ಮೊದಲು ಬರುವುದು ಆಸ್ಪತ್ರೆಗಲ್ಲ, ಕೆಮ್ಮಿನ ಸಿರಪ್ಪಿಗಾಗಿ ನಮ್ಮಲ್ಲಿಗೆ. ಎರಡನೆಯ ಬಾಟಲಿ ಕೇಳಿದವರಿಗೆ ‘ಎಷ್ಟು ದಿನವಾಯಿತು? ಸಂಜೆ ಜ್ವರ ಬರುತ್ತದೆಯೇ? ತೂಕ ಇಳಿದಿದೆಯೇ?’ ಎಂದು ಕೇಳುವುದು ನಮ್ಮಿಂದಾಗುವ ಕೆಲಸ. ಕ್ಷಯದ ಮದ್ದು ಕೊಟ್ಟಾಗ ಆ ಮಾಹಿತಿಯನ್ನು ಆರೋಗ್ಯ ಇಲಾಖೆಗೆ ತಿಳಿಸುವ ಹೊಣೆಯನ್ನು 2018ರ ಕೇಂದ್ರ ಸರಕಾರದ ಅಧಿಸೂಚನೆ ಔಷಧ ಅಂಗಡಿಗಳ ಮೇಲೂ ಹೊರಿಸಿದೆ. ಹೆಸರು ಕೊಟ್ಟರೆ ಊರಿಗೆಲ್ಲ ಗೊತ್ತಾಗುತ್ತದೆ ಎಂಬ ಅಂಜಿಕೆ ಜನರಲ್ಲಿದೆ. ರೋಗಿಯ ಗುಟ್ಟು ಕಾಯುವುದು ನಮ್ಮ ವೃತ್ತಿಧರ್ಮ. ತಿಳಿಸುವುದು ಚಿಕಿತ್ಸೆಗೆ ನೆರವಾಗುವ ಇಲಾಖೆಗೆ ಮಾತ್ರ, ನೆರೆಮನೆಗಲ್ಲ.

ನಾಲ್ಕನೆಯದು, ಎಲ್ಲರಿಗೂ ಗೊತ್ತಿದೆಯೆಂದು ನಾವು ತಿಳಿದಿರುವ ಮದ್ದುಗಳು. ಓಆರ್‌ಎಸ್‌ನ ಕತೆಯನ್ನೇ ನೋಡಿ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವಿನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ನರಕ್ಕೆ ಏರಿಸುವ ದ್ರಾವಣ ಮುಗಿಯುತ್ತಾ ಬಂದಾಗ ಡಾಕ್ಟರ್ ದಿಲೀಪ್ ಮಹಲನಬೀಸ್ ಅವರು ಉಪ್ಪು, ಸೋಡ, ಗ್ಲೂಕೋಸ್ ಬೆರೆಸಿದ ನೀರನ್ನು ರೋಗಿಗಳ ಬಂಧುಗಳ ಕೈಗೇ ಕೊಟ್ಟು ಕುಡಿಸಿದರು. ಶೇಕಡಾ 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ 4ಕ್ಕಿಂತ ಕೆಳಗಿಳಿಯಿತು. ಅಲ್ಲಿ ಕೆಲಸ ಮಾಡಿದ್ದು ಪುಡಿಯಷ್ಟೇ ಅಲ್ಲ, ಅದನ್ನು ಹೇಗೆ ಕುಡಿಸಬೇಕೆಂಬ ಸರಿಯಾದ ಮಾತೂ ಹೌದು. ನಮ್ಮ ಮನೆಗಳಲ್ಲಿ ಇಂದಿಗೂ ಒಂದು ಲೀಟರಿನ ಪೊಟ್ಟಣವನ್ನು ಎರಡು ಚಮಚ, ಮೂರು ಚಮಚ ಎಂದು ಲೋಟಕ್ಕೆ ಹಾಕಿ ಕಲಸುವುದುಂಟು. ನೀರು ಕಡಿಮೆಯಾದರೆ ಉಪ್ಪು ಹೆಚ್ಚಾಗಿ ಮಗುವಿಗೆ ಹಾನಿ; ನೀರು ಹೆಚ್ಚಾದರೆ ಮದ್ದಿನ ಗುಣವೇ ಇಲ್ಲ. ಪೊಟ್ಟಣದಲ್ಲಿ ಹೇಳಿದಷ್ಟೇ ನೀರಿಗೆ ಇಡೀ ಪೊಟ್ಟಣವನ್ನು ಒಮ್ಮೆಗೇ ಹಾಕಿ, ಕಲಸಿಟ್ಟು, 24 ಗಂಟೆಯೊಳಗೆ ಬಳಸಿ ಮುಗಿಸಬೇಕು. ನೋವಿನ ಗುಳಿಗೆ, ಪ್ಯಾರಾಸಿಟಮಾಲ್‌ಗಳ ಮಾತೂ ಹೀಗೆಯೇ. ಜ್ವರದ ಗುಳಿಗೆಯಲ್ಲಿಯೂ ಶೀತದ ಗುಳಿಗೆಯಲ್ಲಿಯೂ ಅದೇ ಪ್ಯಾರಾಸಿಟಮಾಲ್ ಇದ್ದು ಎರಡನ್ನೂ ಸೇವಿಸಿದರೆ ಯಕೃತ್ತಿಗೆ ಪೆಟ್ಟು.

ಇಷ್ಟು ಹೇಳಿದ ಮೇಲೆ ಗಡಿನಾಡಿನವರಾದ ನಮಗಷ್ಟೇ ಇರುವ ಒಂದು ತೊಡಕನ್ನು ಹೇಳಲೇಬೇಕು. ನಮ್ಮ ಮನೆಗಳ ಚೀಟಿಗಳು ಬಹುಮಟ್ಟಿಗೆ ಮಂಗಳೂರಿನವು. 2020ರ ಮಾರ್ಚಿನಲ್ಲಿ ತಲಪಾಡಿಯೂ ಸೇರಿದಂತೆ ಗಡಿಯ ದಾರಿಗಳು ಮುಚ್ಚಿದಾಗ ಏನಾಯಿತೆಂದು ತಮಗೆಲ್ಲ ನೆನಪಿದೆ. ನಮ್ಮ ಅಂಗಡಿಗಳ ಮುಂದೆ ಮಂಗಳೂರಿನ ಚೀಟಿ ಹಿಡಿದು ನಿಂತವರ ಸಾಲು ಬೆಳೆಯಿತು. ಬರೆದ ಕಂಪೆನಿಯ ಮದ್ದು ಇಲ್ಲಿಲ್ಲ. ಅದೇ ಮದ್ದು ಬೇರೆ ಕಂಪೆನಿಯ ಹೆಸರಿನಲ್ಲಿ ಕಪಾಟಿನಲ್ಲಿದೆ. ಆದರೆ 1945ರ ಔಷಧ ನಿಯಮಗಳ ಪ್ರಕಾರ ಚೀಟಿಯ ಮೇಲೆಯೇ ಕೊಡಬೇಕಾದ ಇಂಥ ಮದ್ದುಗಳಲ್ಲಿ ಬರೆದುದರ ಬದಲಿಗೆ ಇನ್ನೊಂದನ್ನು, ಒಳಗಿನ ವಸ್ತು ಒಂದೇ ಆಗಿದ್ದರೂ, ನಾವಾಗಿ ಕೊಡುವಂತಿಲ್ಲ. ನಾವು ಮಾಡಿದ್ದಿಷ್ಟು: ವೈದ್ಯರಿಗೆ ಫೋನ್ ಮಾಡಿದೆವು, ಮದ್ದಿನ ಮೂಲ ಹೆಸರು ಓದಿ ಹೇಳಿದೆವು, ಹೊಸ ಚೀಟಿಯ ಚಿತ್ರ ತರಿಸಿಕೊಂಡೆವು, ಬರೆದಿಟ್ಟುಕೊಂಡೆವು. ಮೊಬೈಲಿನಲ್ಲಿ ಬಂದ ಚೀಟಿಯ ಮೇಲೆ ಮದ್ದನ್ನು ಮನೆಗೆ ತಲುಪಿಸಲು ಆ ತಿಂಗಳ 26ರಂದು ಕೇಂದ್ರ ಸರಕಾರ ಅನುಮತಿ ಕೊಟ್ಟದ್ದು ದೊಡ್ಡ ಆಸರೆಯಾಯಿತು. ಮೂರ್ಛೆರೋಗದ ಗುಳಿಗೆ, ಹೃದಯದ ಗುಳಿಗೆ, ಇನ್ಸುಲಿನ್ ಇವುಗಳನ್ನು ಬೈಕಿನಲ್ಲಿ ಒಯ್ದು ತೋಟದ ಗೇಟುಗಳಿಗೆ ಮುಟ್ಟಿಸಿದ ಆ ದಿನಗಳಲ್ಲಿ, ನಮ್ಮ ವೃತ್ತಿ ಏನೆಂಬುದು ಊರಿಗಿಂತ ಹೆಚ್ಚಾಗಿ ನಮಗೇ ತಿಳಿಯಿತು. ತುರ್ತು ಸಂದರ್ಭಗಳಲ್ಲಿ, ವೈದ್ಯರಿಗೆ ತಿಳಿಸಿ, ದಾಖಲೆಯಿಟ್ಟು, ಅದೇ ಮೂಲವಸ್ತುವಿನ ಮದ್ದನ್ನು ಕೊಡುವ ಎಚ್ಚರದ ಅವಕಾಶವೊಂದನ್ನು ಕಾನೂನು ಕಲ್ಪಿಸಬೇಕೆಂಬುದು ನಮ್ಮ ಕೋರಿಕೆ.

ಬೇರೆ ದೇಶಗಳಲ್ಲಿ ಈ ದಾರಿಯಲ್ಲಿ ಕೆಲವು ಹೆಜ್ಜೆಗಳಾಗಿವೆ. ಅಮೆರಿಕದ ಆಶ್‌ವಿಲ್ ನಗರದಲ್ಲಿ 1996ರಿಂದ ನಗರಾಡಳಿತದ ಮಧುಮೇಹಿ ನೌಕರರನ್ನು ಊರಿನ ಫಾರ್ಮಸಿಸ್ಟರು ಕ್ರಮವಾಗಿ ಕಂಡು ಮಾತನಾಡಿಸುವ ಯೋಜನೆ ನಡೆಯಿತು. ಸಕ್ಕರೆ ಹತೋಟಿಗೆ ಬಂತು, ಚಿಕಿತ್ಸೆಯ ಒಟ್ಟು ವೆಚ್ಚವೂ ಇಳಿಯಿತು. ಇಂಗ್ಲೆಂಡಿನಲ್ಲಿ 2024ರ ಜನವರಿ 31ರಿಂದ ಗಂಟಲು ನೋವು, ಕಿವಿನೋವು ಮೊದಲಾದ ಏಳು ಸಾಮಾನ್ಯ ತೊಂದರೆಗಳಿಗೆ ನಿಗದಿತ ನಿಯಮಗಳೊಳಗೆ ಫಾರ್ಮಸಿಸ್ಟರೇ ಚಿಕಿತ್ಸೆ ನೀಡುವ ವ್ಯವಸ್ಥೆ ಬಂದಿದೆ. ಅಲ್ಲಿ ಈ ಸೇವೆಗೆ ಸರಕಾರ ಪ್ರತ್ಯೇಕವಾಗಿ ಹಣ ಕೊಡುತ್ತದೆ, ತರಬೇತಿ ಕೊಡುತ್ತದೆ, ಲೆಕ್ಕ ಕೇಳುತ್ತದೆ. ಇಲ್ಲಿ ಅದನ್ನು ಹಾಗೆಯೇ ತಂದು ಹೂಡಬೇಕೆಂದು ನಾವು ಹೇಳುವುದಿಲ್ಲ. ನಾವು ವೈದ್ಯರಲ್ಲ, ಆಗಬಯಸುವುದೂ ಇಲ್ಲ. ರೋಗ ಯಾವುದೆಂದು ನಿರ್ಧರಿಸುವುದು ಅವರ ವಿದ್ಯೆ. ಅವರು ಬರೆದ ಮದ್ದು ಬರೆದ ರೀತಿಯಲ್ಲೇ ರೋಗಿಯ ಹೊಟ್ಟೆಗೆ ಸೇರುವಂತೆ ನೋಡಿಕೊಳ್ಳುವುದು, ಅವರ ಬಳಿಗೆ ಹೋಗಬೇಕಾದವರನ್ನು ತಡಮಾಡದೆ ಕಳುಹಿಸುವುದು ನಮ್ಮ ವಿದ್ಯೆ.

ನಮ್ಮ ವೃತ್ತಿಯ ಕುಂದುಗಳನ್ನೂ ಮುಚ್ಚಿಡಬಾರದು. ಗೋಡೆಯ ಮೇಲೆ ಒಬ್ಬರ ಪ್ರಮಾಣಪತ್ರ ತೂಗುತ್ತಿದ್ದು, ಅವರು ಬೇರೆಲ್ಲೋ ಇದ್ದು, ಕೌಂಟರಿನಲ್ಲಿ ತರಬೇತಿಯಿಲ್ಲದವರು ನಿಂತಿರುವ ಅಂಗಡಿಗಳು ದೇಶದಲ್ಲಿವೆ. ಹೆಚ್ಚು ಮಾರಿದರೆ ಹೆಚ್ಚು ಲಾಭ ಎಂಬ ಲೆಕ್ಕ ನಮ್ಮೆಲ್ಲರನ್ನೂ ಎಳೆಯುತ್ತದೆ. ‘ಈ ಮದ್ದು ನಿಮಗೆ ಬೇಡ’ ಎಂಬ ಸಲಹೆಗೆ ಯಾರೂ ಬಿಲ್ಲು ಕೊಡುವುದಿಲ್ಲ. ಆದುದರಿಂದ ನಮ್ಮ ಪಾತ್ರವನ್ನು ಹಿಗ್ಗಿಸಿರೆಂದು ಕೇಳುವ ಮುನ್ನ ಈಗಿರುವ ಪಾತ್ರವನ್ನು ನೆಟ್ಟಗೆ ನಿರ್ವಹಿಸುತ್ತೇವೆಂದು ನಾವು ಮಾತು ಕೊಡಬೇಕಾಗಿದೆ. ಈ ಶಾಲೆಯ ಅಂಗಳದಲ್ಲಿ ನಿಂತು ಆ ಮಾತನ್ನು ಕೊಡುತ್ತಿದ್ದೇವೆ. ನಾವಿರುವ ಅಂಗಡಿಗಳಲ್ಲಿ ಮದ್ದು ಕೊಡುವ ಹೊತ್ತು ಫಾರ್ಮಸಿಸ್ಟ್ ಇರುತ್ತಾರೆ. ಬೇಡಿದವರಿಗೆ ಲಕೋಟೆಯ ಮೇಲೆ ಹೊತ್ತು, ಪ್ರಮಾಣ, ದಿನಗಳನ್ನು ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಬರೆದುಕೊಡುತ್ತೇವೆ. ಓದಲಾಗದವರಿಗೆ ಸೂರ್ಯ, ಚಂದ್ರ, ಊಟದ ಬಟ್ಟಲಿನ ಚಿತ್ರ ಬಿಡಿಸುತ್ತೇವೆ. ಆ ಹಳೆಯ ಗರಗಸದ ಪಟ್ಟಿಯ ಜಾಗಕ್ಕೆ ಸದ್ಯಕ್ಕೆ ಅದು.

ತಮ್ಮಲ್ಲಿ ನಮ್ಮ ಬಿನ್ನಹಗಳೂ ಕೆಲವಿವೆ. ರಕ್ಷಕರೇ, ಮನೆಯ ಹಿರಿಯರು ಸೇವಿಸುವ ಎಲ್ಲ ಮದ್ದುಗಳ ಹೆಸರನ್ನು, ಆಯುರ್ವೇದದ್ದೂ ಸೇರಿ, ಒಂದು ಕಾಗದದಲ್ಲಿ ಬರೆದಿಡಿ. ವೈದ್ಯರಲ್ಲಿಗೂ ಮದ್ದಿನಂಗಡಿಗೂ ಅದನ್ನು ತನ್ನಿ. ಯಾವ ಮದ್ದು ಒಗ್ಗುವುದಿಲ್ಲ ಎಂಬುದನ್ನು ಅದರ ತಲೆಯಲ್ಲಿ ಬರೆಯಿರಿ. ಮದ್ದು ಕೈಗೆ ಬಂದಾಗ ಇದು ಯಾತಕ್ಕೆ, ಎಷ್ಟು, ಯಾವಾಗ, ಎಷ್ಟು ದಿನ, ಏನಾದರೆ ನಿಲ್ಲಿಸಬೇಕು ಎಂಬ ಐದು ಪ್ರಶ್ನೆಗಳನ್ನು ಕೇಳದೆ ಕೌಂಟರ್ ಬಿಡಬೇಡಿ. ನಾವು ಅವಸರದಲ್ಲಿದ್ದರೂ ಕೇಳಿ; ನಮ್ಮ ಅವಸರವನ್ನು ನಿಲ್ಲಿಸುವ ಹಕ್ಕು ತಮಗಿದೆ. ಹಳೆಯ, ಅವಧಿ ಮೀರಿದ ಮದ್ದುಗಳನ್ನು ತೋಡಿಗೆ ಎಸೆಯಬೇಡಿ, ತೆಂಗಿನ ಬುಡಕ್ಕೆ ಸುರಿಯಬೇಡಿ. ಇವನ್ನು ಮನೆಗಳಿಂದ ಸಂಗ್ರಹಿಸಿ ವೈಜ್ಞಾನಿಕವಾಗಿ ನಾಶಪಡಿಸುವ ಯೋಜನೆ 2025ರಲ್ಲಿ ಕಲ್ಲಿಕೋಟೆಯಲ್ಲಿ ಆರಂಭವಾಗಿದೆ. ನಮ್ಮ ಪಂಚಾಯತುಗಳಿಗೂ ಅದು ಬರಬೇಕೆಂದು ಒಟ್ಟಾಗಿ ಕೇಳೋಣ.

ಅಧ್ಯಾಪಕರಲ್ಲಿ ಒಂದು ಪ್ರಾರ್ಥನೆ. ವರ್ಷಕ್ಕೊಂದು ದಿನ, ಸಪ್ಟೆಂಬರ್ 25ರ ವಿಶ್ವ ಫಾರ್ಮಸಿಸ್ಟರ ದಿನದಂದು ಆದರೆ ಚೆನ್ನ, ಮೇಲಿನ ತರಗತಿಯ ಮಕ್ಕಳೊಂದಿಗೆ ಕುಳಿತುಕೊಳ್ಳಲು ನಮಗೆ ಒಂದು ಪೀರಿಯಡ್ ಕೊಡಿ. ಅವಧಿಯ ದಿನಾಂಕ ಓದುವುದನ್ನು, ಕೆಂಪು ಗೆರೆಯಿರುವ ಸ್ಟ್ರಿಪ್ಪನ್ನು ಚೀಟಿಯಿಲ್ಲದೆ ಕೊಳ್ಳಬಾರದೆಂಬುದನ್ನು, ಓಆರ್‌ಎಸ್ ಕಲಸುವುದನ್ನು ಅವರಿಗೆ ಕಲಿಸುತ್ತೇವೆ. ಮನೆಯ ಅಜ್ಜ ಅಜ್ಜಿಯರ ಲಕೋಟೆಗಳನ್ನು ಓದಿ ಹೇಳುವವರು ಆ ಮಕ್ಕಳೇ. ಕನ್ನಡ ಮಾಧ್ಯಮದಲ್ಲಿ ಓದಿದರೆ ಏನು ಪ್ರಯೋಜನ ಎಂದು ಕೇಳುವವರು ಇಂದು ಬಹಳ. ದೊಡ್ಡ ಉತ್ತರಗಳನ್ನು ದೊಡ್ಡವರು ಕೊಡಲಿ. ನಮ್ಮ ಕೌಂಟರಿನಿಂದ ಕಾಣುವ ಉತ್ತರ ಚಿಕ್ಕದು: ಇಂಗ್ಲಿಷಿನ ಚೀಟಿಯನ್ನು ಓದಬಲ್ಲ, ಮಲಯಾಳದಲ್ಲಿ ವ್ಯವಹರಿಸಬಲ್ಲ, ಕನ್ನಡದಲ್ಲಿ ‘ಸೋಮವಾರ ಮಾತ್ರ ಅಮ್ಮಾ, ದಿನಾ ಅಲ್ಲ’ ಎಂದು ಹೇಳಬಲ್ಲ ಒಬ್ಬ ಹುಡುಗಿಯೋ ಹುಡುಗನೋ ಈ ಊರಿಗೆ ಯಾವಾಗಲೂ ಬೇಕು. ಅಂಥವರು ಈ ತರಗತಿಗಳಿಂದಲೇ ಬರಬೇಕು.

ಆ ಅಮ್ಮ ಈಗಲೂ ತಿಂಗಳಿಗೊಮ್ಮೆ ಮದ್ದಿಗೆ ಬರುತ್ತಾರೆ. ಗುಳಿಗೆ ಕೈಗಿಟ್ಟ ಕೂಡಲೇ, ನಾವು ಬಾಯಿ ತೆರೆಯುವ ಮುನ್ನ, ತಾವೇ ‘ಸೋಮವಾರ’ ಎನ್ನುತ್ತಾರೆ. ನಾವೂ ‘ಸೋಮವಾರ’ ಎನ್ನುತ್ತೇವೆ. ಬಳಿಕ ಬಿಲ್ಲು. ಅದು ನಮ್ಮಿಬ್ಬರ ನಡುವಿನ ಪಾಠ ಒಪ್ಪಿಸುವ ಕ್ರಮ. ಈ ಶಾಲೆಯಲ್ಲಿ ಮಗ್ಗಿ ಒಪ್ಪಿಸಿದ ಹಾಗೆ. ಊರಿನ ಪ್ರತಿಯೊಂದು ಮದ್ದಿನಂಗಡಿಯಲ್ಲಿಯೂ ಇಂಥ ಪಾಠ ನಡೆಯುವಂತಾಗಲಿ, ನಮ್ಮನ್ನು ಮಾತು ಕಲಿಸಿ ಕಳುಹಿಸಿದ ಈ ಶಾಲೆ ಇನ್ನೂ ನೂರಾರು ವರ್ಷ ಬಾಳಲಿ ಎಂದು ಹಾರೈಸಿ, ಎಲ್ಲರಿಗೂ ಕೈಮುಗಿದು ನಮ್ಮ ಮಾತನ್ನು ಮುಗಿಸುತ್ತೇವೆ.